ಬೆಂಗಳೂರಿಗೆ ಬೆಳವಣಿಗೆಯ ಗಡಿ ಏಕಿಲ್ಲ?

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸುತ್ತ ಇರುವಂಥ ಬೆಳವಣಿಗೆಯ ಗಡಿಯನ್ನು, ಅಂದರೆ ನಗರ ಅದರಾಚೆ ಹಬ್ಬಬಾರದೆಂದು ಎಳೆಯುವ ಗೆರೆಯನ್ನು, ಬೆಂಗಳೂರಿಗೂ ಹಾಕಲು ಯಾವ ಕಾನೂನು ಅಡ್ಡಿಯಾಗಿದೆ ಎಂದು ತಾವು ಕೇಳಿದ್ದೀರಿ. ನನ್ನ ತಿಳಿವಳಿಕೆಯಂತೆ ತೊಡಕಿರುವುದು ಕಾನೂನಿನಲ್ಲಲ್ಲ, ಅಧಿಕಾರ ಹಂಚಿಹೋಗಿರುವುದರಲ್ಲಿ. ಪೋರ್ಟ್‌ಲ್ಯಾಂಡ್ ಇರುವ ಆರೆಗನ್ ರಾಜ್ಯದ 1973ರ ಭೂಬಳಕೆ ಕಾನೂನಿನ ಆಧಾರದ ಮೇಲೆ ಅಲ್ಲಿನ ನಗರಗಳಿಗೆ ಇಂಥ ಗಡಿ ಕಡ್ಡಾಯವಾಯಿತು. ಪೋರ್ಟ್‌ಲ್ಯಾಂಡ್ ಪ್ರದೇಶದ ಇಪ್ಪತ್ತಕ್ಕೂ ಹೆಚ್ಚು ನಗರಗಳಿಗೆ ಒಂದೇ ಗಡಿಯಿದ್ದು, ಮತದಾರರೇ ನೇರವಾಗಿ ಆರಿಸುವ ‘ಮೆಟ್ರೋ’ ಎಂಬ ಪ್ರಾದೇಶಿಕ ಸಂಸ್ಥೆ ಅದನ್ನು ನಿರ್ವಹಿಸುತ್ತದೆ. ಆ ಗಡಿ ಶಾಶ್ವತವೇನೂ ಅಲ್ಲ. ಮುಂದಿನ 20 ವರ್ಷಗಳ ವಸತಿಗೆ ಸಾಲುವಷ್ಟು ಜಾಗ ಒಳಗೆ ಇಲ್ಲವಾದರೆ ಅದನ್ನು ಹಿಗ್ಗಿಸಬೇಕು, ಇಲ್ಲವೇ ಒಳಗೇ ಹೆಚ್ಚು ಮನೆಗಳಿಗೆ ಅವಕಾಶ ಕೊಡಬೇಕು.

ನಮ್ಮಲ್ಲಿ 1985ರ ಕಾಯ್ದೆಯಡಿ ಬಂದ ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ (ಬಿಎಂಆರ್‌ಡಿಎ) ಇದೆ. ಆದರೆ ಎಲ್ಲಿ ಏನು ಕಟ್ಟಬಹುದೆಂದು ಹೇಳುವ ವಲಯ ನಕ್ಷೆಗಳನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ಆನೇಕಲ್, ಹೊಸಕೋಟೆ, ನೆಲಮಂಗಲದ ಪ್ರಾಧಿಕಾರಗಳು ಬೇರೆಬೇರೆಯಾಗಿಯೇ ಸಿದ್ಧಪಡಿಸುತ್ತ ಬಂದಿವೆ. ಒಂದು ನಕ್ಷೆಯ ಅಂಚಿನಲ್ಲಿ ಹಸಿರು ವಲಯವೆಂದು ಬಡಾವಣೆಗೆ ತಡೆ ಬಿದ್ದರೆ, ಗೆರೆಯಾಚೆಗಿನ ಹೊಲ ವಸತಿಯ ಹಳದಿ ಬಣ್ಣದಲ್ಲಿರಬಹುದು, ಆಗ ನಿವೇಶನದ ವ್ಯಾಪಾರ ಅಲ್ಲಿಗೆ ಜಿಗಿಯುತ್ತದೆ. ತಾವು ಹುಡುಕುತ್ತಿರುವ ದಾರಿ ಸಂವಿಧಾನದ 243ಝಡ್‌ಇ ವಿಧಿಯಲ್ಲೇ ಇದೆ: ಇಡೀ ಮಹಾನಗರ ಪ್ರದೇಶಕ್ಕೆ ಒಂದೇ ಕರಡು ಯೋಜನೆ ಸಿದ್ಧಪಡಿಸಲು ಅದು ಹೇಳುವ ಮಹಾನಗರ ಯೋಜನಾ ಸಮಿತಿಯ ಕನಿಷ್ಠ ಮೂರನೇ ಎರಡರಷ್ಟು ಸದಸ್ಯರನ್ನು ಪುರಸಭೆಗಳ ಚುನಾಯಿತ ಸದಸ್ಯರೂ ಪಂಚಾಯಿತಿ ಅಧ್ಯಕ್ಷರೂ ತಮ್ಮೊಳಗಿಂದ ಆರಿಸಬೇಕು. ಚುನಾಯಿತ ಪಾಲಿಕೆಯೇ ಇಲ್ಲದಿದ್ದಾಗ ಆ ಸಮಿತಿ ಹೆಸರಿಗಷ್ಟೇ.