ಬೆಕ್ಕು ಎಲ್ಲಿ ಹೋಯಿತು, ಡಾಕ್ಟ್ರೇ?

ಡಾಕ್ಟ್ರೇ, ನಮಸ್ಕಾರ.

‘ವಿಟಮಿನ್ ತಿನ್ನಿ, ಕ್ಲಿಪ್ ಬೇಗ ಬಿಚ್ಚಿಸಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಆರೋಗ್ಯ ಪುಟದಲ್ಲಿ ಹಾಕಲಾರೆ. ತಿದ್ದಿ ಕಳಿಸಿದರೆ ಖಂಡಿತ ಹಾಕುತ್ತೇನೆ. ದಿನಾ ಹಲ್ಲಿಗೆ ತಂತಿ ಬಿಗಿಯುವ ನಿಮಗೆ ವಿಷಯ ಚೆನ್ನಾಗಿ ಗೊತ್ತು. ಗೊತ್ತಿರುವುದನ್ನೇ ಬಚ್ಚಿಟ್ಟು ಬರೆದಿದ್ದೀರಿ ಎಂಬುದು ನನ್ನ ತಕರಾರು.

ಮೊದಲ ಪುಟ ಪೂರ್ತಿ ‘ಮುತ್ತಿನಂಥ ಹಲ್ಲು’, ‘ನಗುವೇ ಆಭರಣ’. ಹೊಡೆದುಹಾಕಿ.

ಎರಡನೇ ಪುಟದಲ್ಲಿ, ‘ವಿಟಮಿನ್ ಡಿಯಿಂದ ಹಲ್ಲು ಶೇ 60ರಷ್ಟು ಹೆಚ್ಚು ಸರಿಯುತ್ತದೆ ಎಂದು ಸಂಶೋಧನೆಗಳು ಹೇಳುತ್ತವೆ’ ಎಂದಿದ್ದೀರಿ. ಯಾವ ಸಂಶೋಧನೆ ಎಂದು ಫೋನಿನಲ್ಲಿ ಕೇಳಿದರೆ ತಡವರಿಸದೆ ಹೇಳಿದಿರಿ: 1988ರಲ್ಲಿ ಕಾಲಿನ್ಸ್ ಮತ್ತು ಸಿಂಕ್ಲೇರ್ ಎಂಬ ಸಂಶೋಧಕರು ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗ. ವಿಟಮಿನ್ ಡಿಯ ಸಕ್ರಿಯ ರೂಪವನ್ನು ವಾರಕ್ಕೊಮ್ಮೆ ಹಲ್ಲಿನ ಬುಡದ ನಾರಿಗೇ ಚುಚ್ಚಿದ್ದರು. 21 ದಿನ ಕಳೆದಾಗ ಮದ್ದು ಬಿದ್ದ ಕೋರೆಹಲ್ಲು ಮದ್ದಿಲ್ಲದ ಹಲ್ಲಿಗಿಂತ ಶೇ 60ರಷ್ಟು ಹೆಚ್ಚು ಸರಿದಿತ್ತು. ಇದರಲ್ಲಿ ಬೆಕ್ಕು, ಸೂಜಿ, 21 ದಿನ ಎಲ್ಲವನ್ನೂ ಬಿಟ್ಟು ಶೇ 60 ಒಂದನ್ನೇ ಓದುಗರ ಕೈಗಿಟ್ಟಿದ್ದೀರಲ್ಲ!

ಓದಿದ ತಾಯಿ ಏನು ಮಾಡುತ್ತಾಳೆ? ಮೆಡಿಕಲ್ ಶಾಪಿಗೆ ಹೋಗಿ 60,000 ಯೂನಿಟ್‌ನ ಪುಡಿ ಪೊಟ್ಟಣ ತಂದು ದಿನಾ ಹಾಲಿಗೆ ಕದಡಿ ಮಗನಿಗೆ ಕುಡಿಸುತ್ತಾಳೆ. ಕೊರತೆ ಇದ್ದವರಿಗೆ ಡಾಕ್ಟರು ಸಾಮಾನ್ಯವಾಗಿ ವಾರಕ್ಕೊಂದರಂತೆ ಬರೆದುಕೊಡುವ ಮದ್ದು ಅದು. ದಿನಕ್ಕೆ ಬೇಕಾದ್ದು 600 ಯೂನಿಟ್. ಹೆಚ್ಚಾದದ್ದು ಮೂತ್ರದಲ್ಲಿ ಹರಿದುಹೋಗದೆ ಮೈಯ ಕೊಬ್ಬಿನಲ್ಲಿ ಕೂತುಬಿಡುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿ ಕಿಡ್ನಿಗೆ ತೊಂದರೆ ಕೊಡುತ್ತದೆ. ಮಾತ್ರೆ ನುಂಗಿ ಕ್ಲಿಪ್ಪಿನ ಕಾಲ ತಗ್ಗಿಸಬಹುದು ಎನ್ನಲು ಮನುಷ್ಯರಲ್ಲಿ ಗಟ್ಟಿ ಆಧಾರವಿಲ್ಲ ಎಂದು ಒಂದು ಸಾಲು ಬರೆದರೆ ನಿಮ್ಮ ಗಂಟೇನು ಹೋಗುತ್ತದೆ?

ವಿಟಮಿನ್ ಸಿ ಭಾಗ ಇದಕ್ಕಿಂತ ಎಷ್ಟೋ ವಾಸಿ. ಆದರೆ ಆ ಪ್ರಯೋಗಕ್ಕೆ ಬಳಸಿದ ಗಿನಿ ಪಿಗ್ಗನ್ನು (ಇಲಿಯಂಥದೇ ಪುಟ್ಟ ಪ್ರಾಣಿ) ಅರ್ಧ ಸಾಲಿನಲ್ಲಿ ಮುಗಿಸಿಬಿಟ್ಟಿರಿ. ಇಲಿ ಬಿಟ್ಟು ಅದನ್ನೇ ಯಾಕೆ ಆರಿಸಿದರು? ಇಲಿ ತನಗೆ ಬೇಕಾದ ವಿಟಮಿನ್ ಸಿಯನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತದೆ; ಗಿನಿ ಪಿಗ್ಗಿಗೂ ನಮಗೂ ಆ ಭಾಗ್ಯವಿಲ್ಲ, ತಿಂದೇ ಪಡೆಯಬೇಕು. ಇಂಥದ್ದು ಓದುಗರಿಗೆ ಇಷ್ಟವಾಗುತ್ತದೆ, ಬಿಡಿಸಿ ಹೇಳಿ.

ಮೂರನೇ ಪುಟದ ನಡುವೆ ಒಂದು ಒಳ್ಳೆಯ ಮಾತಿದೆ: ‘ಹಲ್ಲು ದವಡೆಯಲ್ಲಿ ಮೊಳೆಯ ಹಾಗೆ ನಾಟಿಕೊಂಡಿಲ್ಲ, ತೊಟ್ಟಿಲಿನ ಹಾಗೆ ತೂಗುಹಾಕಿಕೊಂಡಿದೆ.’ ಇದನ್ನು ಎಲ್ಲಿಂದಲೂ ಎತ್ತಿದ್ದಲ್ಲ ತಾನೇ? ನಿಮ್ಮದೇ ಆದರೆ ಇದರ ಮೇಲೇ ಲೇಖನ ಕಟ್ಟಿ. ಹಲ್ಲಿಗೂ ಎಲುಬಿಗೂ ನಡುವಿನ ಜಾಗ ಸುಮಾರು ಕಾಲು ಮಿಲಿಮೀಟರ್. ಅದರೊಳಗಿನ ನಾರೇ ತೊಟ್ಟಿಲಿನ ಹಗ್ಗ. ತಂತಿ ಒತ್ತಿದ ಕಡೆ ಎಲುಬು ಕರಗುತ್ತದೆ, ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಎಲುಬು ಕಟ್ಟುತ್ತದೆ. ಹೀಗೆ ತಿಂಗಳಿಗೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಪಯಣ. ಹಗ್ಗವನ್ನು ಹೊಸದಾಗಿ ಹೊಸೆಯುತ್ತಲೇ ಇರಬೇಕು. ಆ ನಾರು ಕೊಲಾಜನ್ ಎಂಬ ಪ್ರೋಟೀನು, ಅದನ್ನು ಹೊಸೆಯಲು ವಿಟಮಿನ್ ಸಿ ಬೇಕು. ಹಿಂದೆ ತಿಂಗಳುಗಟ್ಟಲೆ ಕಡಲಲ್ಲಿದ್ದ ನಾವಿಕರಿಗೆ ವಿಟಮಿನ್ ಸಿ ಕೊರತೆಯಿಂದ ಸ್ಕರ್ವಿ ರೋಗ ಬಂದು ಹಲ್ಲು ಅಲ್ಲಾಡುತ್ತಿದ್ದದ್ದು ಇದಕ್ಕೇ. ಓದುಗ ಇಷ್ಟು ಕಂಡರೆ ಸಾಕು, ‘ವಿಟಮಿನ್ ಸಿ ಅತ್ಯಗತ್ಯ’ ಎಂದು ನೀವು ಮೂರು ಸಲ ಕೂಗಬೇಕಿಲ್ಲ.

ಕೊನೆಯದಾಗಿ, ಆ ಹುಡುಗ. ಸೀಬೆಕಾಯಿಯಲ್ಲಿ ವಿಟಮಿನ್ ಸಿ ಜಾಸ್ತಿ ಎಂದು ನೀವು ಹೇಳಿದ್ದನ್ನು ಕೇಳಿ, ಮನೆಗೆ ಹೋಗಿ ಗಟ್ಟಿ ಕಾಯಿ ಕಚ್ಚಿ, ಕಿತ್ತುಬಂದ ಬ್ರ್ಯಾಕೆಟ್ಟನ್ನು (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಣುಕು) ಬಸ್ ಟಿಕೆಟ್ಟಿನಲ್ಲಿ ಸುತ್ತಿಕೊಂಡು ಮರುದಿನ ನಿಮ್ಮ ಕ್ಲಿನಿಕ್ಕಿಗೆ ಬಂದವನು. ಅವನನ್ನು ಕೊನೆಯ ಪುಟದ ಮೂಲೆಯಲ್ಲಿ ಕಂಸದೊಳಗೆ ಹಾಕಿದ್ದೀರಿ! ಅವನಿಂದಲೇ ಶುರು ಮಾಡಿ. ನೂರು ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗೂ ಹೆಚ್ಚು ವಿಟಮಿನ್ ಸಿ ಇರುತ್ತದೆ, ಗಂಡಸಿಗೆ ದಿನಕ್ಕೆ ಬೇಕಾದ್ದು 80. ಹಾಗಾಗಿ ಕ್ಲಿಪ್ ಹಾಕಿಸಿದವರು ಕಳಿತ ಹಣ್ಣನ್ನು ತೆಳ್ಳಗೆ ಹೆಚ್ಚಿ ನಾಲ್ಕು ಹೋಳು ತಿಂದರೂ ಸಾಕಾಗುತ್ತದೆ ಎಂಬುದು ಅವನ ಕಥೆಯ ಜೊತೆಗೇ ಬಂದುಹೋಗಲಿ.

ಮುಂದಿನ ಸೋಮವಾರದೊಳಗೆ ಕಳಿಸಿ. ಬ್ರ್ಯಾಕೆಟ್ ಕಿತ್ತದ್ದು ಯಾವ ಹಲ್ಲಿನದು ಎಂದು ಬರೆದಿಲ್ಲ, ಅದನ್ನೂ ಸೇರಿಸಿ.