ಮೂರು ನಿಮಿಷದ ಹಾಡಿನಲ್ಲಿ ಇಡೀ ಕಥೆ ಹೇಗೆ ಹಿಡಿಸುತ್ತದೆ? ಅದನ್ನು ಕಲೆ ಅನ್ನಬಹುದಾ?

ಹಿಡಿಸುತ್ತದೆ, ಏಕೆಂದರೆ ಹಾಡು ಕಥೆಯನ್ನು ಪೂರ್ತಿ ಹೇಳುವುದೇ ಇಲ್ಲ. ಒಂದೆರಡು ದೃಶ್ಯ ತೋರಿಸಿ, ನಡುವಿನದನ್ನು ಕೇಳುವವರಿಗೆ ಬಿಡುತ್ತದೆ. ಇದರಲ್ಲಿ ಜಾಸ್ತಿ ಕೆಲಸ ಮಾಡುವುದು ಪಲ್ಲವಿ. ಪದಗಳು ಅವೇ, ಆದರೆ ಪ್ರತಿ ಚರಣ ಮುಗಿದಾಗ ಅವುಗಳ ಅರ್ಥ ಬದಲಾಗಿರುತ್ತದೆ.

‘ಬಾಗಿಲು ತೆರೆದೇ ಇದೆ’ ಅನ್ನುವ ಪಲ್ಲವಿ ಇದೆ ಅಂದುಕೊಳ್ಳಿ. ಮೊದಲ ಚರಣದಲ್ಲಿ ಅದು ಮನೆ ಬಿಟ್ಟು ಹೊರಟ ಮಗನಿಗೆ ತಾಯಿ ಹೇಳುವ ಮಾತು. ಎರಡನೆಯದರಲ್ಲಿ ವರ್ಷಗಳು ಕಳೆದಿವೆ, ಅವಳು ಕಾಯುತ್ತಲೇ ಇದ್ದಾಳೆ. ಮೂರನೆಯದರಲ್ಲಿ ಮಗ ಬಂದಿದ್ದಾನೆ, ಒಳಗೆ ಯಾರೂ ಇಲ್ಲ. ಅದೇ ಮೂರು ಪದ ಈಗ ಎದೆ ಹಿಂಡುತ್ತದೆ, ಅಲ್ವಾ? ತಾಯಿ ತೀರಿಕೊಂಡಳು ಅಂತ ಹಾಡು ಎಲ್ಲೂ ಹೇಳಿಲ್ಲ. ದನಿ ಸ್ವಲ್ಪ ತಗ್ಗಿದರೆ ಸಾಕು, ನಮಗೇ ಗೊತ್ತಾಗುತ್ತದೆ.

ಹಾಡಿಗೆ ಈ ಮೂರು ನಿಮಿಷದ ಅಳತೆ ಬಂದದ್ದಕ್ಕೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ಗ್ರಾಮಫೋನ್ ತಟ್ಟೆಯೂ ಕಾರಣ. ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದೇ ಸುಮಾರು ಮೂರು ನಿಮಿಷ.

ಕಲೆಯಾ ಅಂದರೆ, ಖಂಡಿತ ಹೌದು. 2016ರಲ್ಲಿ ಹಾಡು ಬರೆದು ಹಾಡುವ ಅಮೆರಿಕದ ಬಾಬ್ ಡಿಲನ್ ಅವರಿಗೆ ಸಾಹಿತ್ಯದ ನೊಬೆಲ್ ಬಂತು. ಆದರೂ ಇಂಥ ಸಾಲುಗಳನ್ನು ಸುಮ್ನೆ ಓದಬೇಡಿ, ಹಾಡಿದ್ದನ್ನೇ ಕೇಳಿ. ಕಥೆಯ ಅರ್ಧ ಭಾಗ ದನಿಯಲ್ಲೇ ಇರುತ್ತದೆ.