ಕಾಸರಗೋಡಿನ ಹಳ್ಳಿಗೆ ಉದ್ಯಮಿ ಹೆಂಗಸರ ತಂಡ ಹೋಗುವಾಗ

ಮಂಗಳೂರಿನ ಹನ್ನೆರಡು ಮಂದಿ ಸಣ್ಣ ಉದ್ಯಮಿ ಹೆಂಗಸರು ಬದಿಯಡ್ಕ, ಪೆರ್ಲ ಕಡೆಯ ಕುಟುಂಬಶ್ರೀ (ಕೇರಳ ಸರಕಾರದ ಹೆಂಗಸರ ಸ್ವಸಹಾಯ ಯೋಜನೆ) ಸಂಘಗಳವರನ್ನು ಕಂಡು ವ್ಯಾಪಾರದ ನಂಟು ಬೆಳೆಸಬೇಕು, ಬರೀ ಫೋಟೋ ತೆಗೆದು ವಾಪಸಾಗುವಂತೆ ಆಗಬಾರದು, ಹೇಗೆ ಎಂದು ಕೇಳಿದ್ದೀರಿ. ಕೈಯಲ್ಲಿ ಒಂದು ಸಣ್ಣ, ಖಚಿತವಾದ ಆರ್ಡರ್ ಇಟ್ಟುಕೊಂಡು ಹೋಗಿ ಎನ್ನುವುದೇ ನನ್ನ ಉತ್ತರ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಕುಟುಂಬಶ್ರೀ 1998ರಲ್ಲಿ ಶುರುವಾದದ್ದು. 10ರಿಂದ 20 ಮಂದಿಯ ಅಯಲ್‌ಕೂಟ (ನೆರೆಮನೆಯವರ ಗುಂಪು), ವಾರ್ಡಿಗೆ ಅವುಗಳ ಒಕ್ಕೂಟ ಎಡಿಎಸ್, ಪಂಚಾಯತಿಗೆ ಅದರ ಮೇಲಿನ ಒಕ್ಕೂಟ ಸಿಡಿಎಸ್, ಹೀಗೆ ಮೂರು ಹಂತ. ನೀವು ಮಾತಾಡಬೇಕಾದ್ದು ಸಿಡಿಎಸ್ ಅಧ್ಯಕ್ಷೆಯ ಹತ್ತಿರ, ಮೂರು ವಾರ ಮೊದಲು. ಕನ್ನಡದಲ್ಲೇ ಅರ್ಧ ಪುಟದ ಕಾಗದ ಕೊಡಿ: ನೀವು ಯಾರು, ಯಾವ ವಸ್ತು ಬೇಕು, ತಿಂಗಳಿಗೆ ಎಷ್ಟು. ಪ್ರಮಾಣ ಬರೆಯದಿದ್ದರೆ ಅವರು ಸ್ವಾಗತ ಸಭೆಗೆ ತಯಾರಾಗುತ್ತಾರೆ. ಕುರ್ಚಿ, ಶಾಲು, ಭಾಷಣದಲ್ಲಿ ದಿನ ಮುಗಿಯುತ್ತದೆ.

ದಿನವೂ ಮುಖ್ಯ. ಅಲ್ಲಿ ಹಲವರು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುತ್ತಾರೆ, ಬೀಡಿ ಕಟ್ಟುವವರೂ ಇದ್ದಾರೆ. ವಾರದ ನಡುವೆ ಹೋದರೆ ನಿಮ್ಮಿಂದಾಗಿ ಅವರ ಒಂದು ದಿನದ ಕೂಲಿ ಹೋಗುತ್ತದೆ. ಅಯಲ್‌ಕೂಟ ಸೇರುವ ದಿನವನ್ನೇ ಕೇಳಿಕೊಳ್ಳಿ. ಬೇರೆ ದಿನ ಆದರೆ ಕೂತವರಿಗೆಲ್ಲ ಕೂಲಿ ಕೊಡಿ, ಅದನ್ನು ಮೊದಲೇ ಹೇಳಿ. ಜಾತ್ರೆ, ಕೋಲ ಇರುವ ದಿನ ಬೇಡ. ಹನ್ನೆರಡು ಮಂದಿ ಒಂದೇ ಮನೆಯ ಜಗಲಿಗೆ ಹೆಚ್ಚು, ಆರಾರು ಮಂದಿ ಎರಡು ಕಡೆಗೆ ಹೋಗಿ.

ಹಲಸಿನ ಹಪ್ಪಳ ಬೇಕಿದ್ದರೆ ಮಾರ್ಚ್, ಏಪ್ರಿಲ್ ಒಳ್ಳೆಯದು. ಜೂನ್ ಹಿಡಿದರೆ ಅಂಗಳದಲ್ಲಿ ಏನೂ ಒಣಗುವುದಿಲ್ಲ. ಹೋದಾಗ ನಿಂತು ನೋಡಬೇಡಿ, ಕೈಗೆ ಎಣ್ಣೆ ಹಚ್ಚಿಕೊಂಡು ಸೊಳೆ ಬಿಡಿಸಲು ಕೂತುಬಿಡಿ. ಎಣ್ಣೆ ಇಲ್ಲದೆ ಮುಟ್ಟಿದರೆ ಮೇಣ ಹಿಡಿದು ಬಿಡುವುದಿಲ್ಲ. ಬೆಳೆದ, ಆದರೆ ಹಣ್ಣಾಗದ ಕಾಯಿಯೇ ಆಗಬೇಕು. ಸೊಳೆ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಗುದ್ದಿ, ನಿಂಬೆಗಾತ್ರದ ಉಂಡೆ ಮಾಡಿ ಮಣೆಯಲ್ಲಿ ಒತ್ತುತ್ತಾರೆ. ಹಿಟ್ಟು ತಣಿದರೆ ಅಂಚು ಒಡೆಯುತ್ತದೆ. ಕಾಯಿಗೆ ಸಿಹಿ ಬಂದಿದ್ದರೆ ಎಣ್ಣೆಗೆ ಬಿಟ್ಟ ಕೂಡಲೇ ಕಪ್ಪಾಗುತ್ತದೆ. ಸರಿಯಾಗಿ ಒಣಗದ ಹಪ್ಪಳಕ್ಕೆ ಮಳೆಗಾಲದಲ್ಲಿ ಬೂಸ್ಟು ಬರುತ್ತದೆ. ಒಂದು ಹಪ್ಪಳ ಮುರಿದು ನೋಡಿ: ಚಟ್ಟನೆ ಮುರಿಯಬೇಕು, ಬಾಗಬಾರದು. ಒಂದು ಗಂಟೆ ಹೀಗೆ ಕೂತರೆ ಬೆಲೆ ಯಾಕೆ ಅಷ್ಟು ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಕೂಡಿ ಕೆಲಸ ಮಾಡುವಾಗ ಹೊರಡುವ ಮಾತು ಸಭೆಯಲ್ಲಿ ಹೊರಡುವುದಿಲ್ಲ.

ಕಾಗದಪತ್ರದ ವಿಷಯ. ಗಡಿಯ ತಲಪಾಡಿ ದಾಟಿದರೆ ಅದು ಅಂತರರಾಜ್ಯ ವ್ಯಾಪಾರ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಹಪ್ಪಳ ಮಾತ್ರ ಮಾರುವ ಸಂಘಕ್ಕೆ ತೊಂದರೆ ಇಲ್ಲ. ಹಲಸಿನ ಚಿಪ್ಸಿಗೆ ತೆರಿಗೆ ಇದೆ. ಅದನ್ನು ಗಡಿಯಾಚೆ ಮಾರಲು ಸಣ್ಣ ಸಂಘವೂ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗುತ್ತದೆ. ಆದ್ದರಿಂದ ಮೊದಲ ಆರ್ಡರ್ ಹಪ್ಪಳದ್ದೇ ಇರಲಿ. ಲೇಬಲಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ನೋಂದಣಿ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಮಾಡಿಸಲು ಜೊತೆಗೆ ನಿಲ್ಲಿ, ನಂಟು ಅಂದರೆ ಅದೂ ಹೌದು.

500 ಕಟ್ಟು ಹಪ್ಪಳ ಬೇಕು ಎಂದು ಉತ್ಸಾಹದಲ್ಲಿ ಹೇಳಿಬಿಡಬೇಡಿ. ಅವರು ಸಾಲ ಮಾಡಿ ಕಾಯಿ ಕೊಂಡಿಟ್ಟುಕೊಳ್ಳುತ್ತಾರೆ, ನೀವು 100 ತೆಗೆದುಕೊಂಡರೆ ನಷ್ಟ ಅವರದ್ದು. 50 ಕಟ್ಟು ಹೇಳಿ, ಅರ್ಧ ಹಣ ಮುಂಗಡ ಕೊಡಿ, ಅದೂ ಸಂಘದ ಬ್ಯಾಂಕ್ ಖಾತೆಗೆ. ಒಬ್ಬ ಅಕ್ಕನ ಕೈಗೆ ಕೊಟ್ಟರೆ ಸಂಘದೊಳಗೆ ಮನಸ್ತಾಪ ಬರುತ್ತದೆ. ಚೌಕಾಶಿ ಅಂಗಳದಲ್ಲಿ, ಎಲ್ಲರೆದುರು ಬೇಡ.

ಇನ್ನೊಂದು ಮಾತು. ಪೆರ್ಲ ಇರುವ ಎಣ್ಮಕಜೆ ಪಂಚಾಯತಿ ಕಡೆ ಹೋದವರು ‘ಎಂಡೋಸಲ್ಫಾನ್ ಮನೆ’, ಅಂದರೆ ಆ ಕೀಟನಾಶಕದಿಂದ ಕಾಯಿಲೆ ಬಿದ್ದವರ ಮನೆ, ತೋರಿಸಿ ಎನ್ನುವುದುಂಟು. ದಯವಿಟ್ಟು ಕೇಳಬೇಡಿ, ಮಕ್ಕಳ ಫೋಟೋ ತೆಗೆಯಬೇಡಿ. ಆ ಮನೆಗಳವರು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಂದವರಿಗೆಲ್ಲ ತಮ್ಮ ನೋವು ತೋರಿಸಿ ದಣಿದಿದ್ದಾರೆ.

ಮಾಲು ಬಂದ ಹದಿನೈದು ದಿನದೊಳಗೆ ಫೋನ್ ಮಾಡಿ, ಎಷ್ಟು ಹೋಯಿತು, ಎಷ್ಟು ಪುಡಿಯಾಯಿತು, ಖಾರ ಹೆಚ್ಚಾಯಿತೇ ಎಂದು ಹೇಳಿ. ಆಮೇಲೆ ಸಂಘದ ಇಬ್ಬರನ್ನು ಬಸ್ ಚಾರ್ಜು ಕೊಟ್ಟು ನಿಮ್ಮ ಅಂಗಡಿಗೆ ಕರೆಸಿಕೊಳ್ಳಿ. ಅವರ ಹಪ್ಪಳ ಯಾವ ಕಪಾಟಿನಲ್ಲಿ, ಯಾವ ಬೆಲೆ ಚೀಟಿ ಅಂಟಿಸಿಕೊಂಡು ಕೂತಿದೆ ಎಂದು ಅವರೂ ನೋಡಬೇಕು.